ಮಂಡ್ಯದ ನೆಲದಡಿಯ ನೀರಿಗೆ ಲೆಕ್ಕ: ಉಪಗ್ರಹ, ಬಾವಿ, ಯಂತ್ರಕಲಿಕೆ ಸೇರಿಸಿ ಅಂತರ್ಜಲದ ಮೇಲೆ ನಿಗಾ ಇಡುವುದು ಹೇಗೆ?

ಕನ್ನಂಬಾಡಿ ಕಟ್ಟೆ (ಕೃಷ್ಣರಾಜಸಾಗರ, ಕೆಆರ್‌ಎಸ್) ತುಂಬಿತು ಎಂಬ ಸುದ್ದಿ ಬಂದ ಕೂಡಲೇ ಮಂಡ್ಯ ಜಿಲ್ಲೆಗೆ ನೀರಿನ ಚಿಂತೆ ತೀರಿತೆಂದು ಎಲ್ಲರೂ ಮಾತನಾಡತೊಡಗುತ್ತಾರೆ. ಅದೇ ಹೊತ್ತಿಗೆ ನಾಗಮಂಗಲದ ಕಡೆಯ ಕೊಳವೆಬಾವಿಯಲ್ಲಿ ನೀರು ಒಂದು ಗೇಣೂ ಮೇಲೆ ಬಂದಿರದೆ ಇರಬಹುದು. ಇದರಲ್ಲಿ ವಿಚಿತ್ರವೇನೂ ಇಲ್ಲ. ಕಟ್ಟೆ ತುಂಬುವುದು ಜುಲೈ, ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಸುರಿಯುವ ಮಳೆಯಿಂದ. ಮಳೆನೆರಳಿನಲ್ಲಿರುವ ಮಂಡ್ಯಕ್ಕೆ ಸ್ವಂತ ಮಳೆ ವರ್ಷಕ್ಕೆ ಸುಮಾರು 700 ಮಿ.ಮೀ. ಮಾತ್ರ, ಅದರಲ್ಲಿ ನೆಲದೊಳಗೆ ಇಳಿಯುವಷ್ಟು ಗಟ್ಟಿ ಮಳೆ ಬೀಳುವುದು ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜಲಾಶಯದ ಮಟ್ಟವನ್ನು ದಿನವೂ ಪತ್ರಿಕೆಯಲ್ಲಿ ಓದುತ್ತೇವೆ. ನೆಲದಡಿಯ ಜಲಾಶಯಕ್ಕೆ ಅಂಥ ಮಾಪಕವಿಲ್ಲ.

ಆ ಮಾಪಕವನ್ನು ನಾವೇ ಕಟ್ಟಿಕೊಳ್ಳಬಹುದು ಎಂಬುದು ಈ ಬರಹದ ಹುರುಳು. ಬೇಕಾದ ದತ್ತಾಂಶದ ಬಹುಪಾಲು ಉಚಿತ. ಸಾಧಾರಣ ಲ್ಯಾಪ್‌ಟಾಪ್, ಇಂಟರ್‌ನೆಟ್, ನಕ್ಷೆ ನೋಡಲು ಕ್ಯೂಜಿಐಎಸ್, ಲೆಕ್ಕಕ್ಕೆ ಪೈಥಾನ್, ಉಪಗ್ರಹ ಚಿತ್ರಗಳಿಗೆ ಗೂಗಲ್ ಅರ್ಥ್ ಎಂಜಿನ್ ಖಾತೆ (ವಾಣಿಜ್ಯೇತರ ಬಳಕೆಗೆ ಹಣ ಕೊಡಬೇಕಿಲ್ಲ) ಇದ್ದರೆ ಸಾಕು. ಎಂಜಿನಿಯರಿಂಗ್ ಕಾಲೇಜಿನ ಅಂತಿಮ ವರ್ಷದ ತಂಡವೊಂದು ಒಂದು ಸೆಮಿಸ್ಟರ್‌ನಲ್ಲಿ ಮುಗಿಸಬಹುದಾದ ಕೆಲಸ. ಆದರೆ ಉಪಗ್ರಹದ ಮೇಲೆ ಅತಿ ಭರವಸೆ ಇಟ್ಟು ಬಾವಿಯ ಬಳಿಗೇ ಹೋಗದವರು ಕೊನೆಗೆ ಪಡೆಯುವುದು ಬಣ್ಣಬಣ್ಣದ ನಕ್ಷೆಯೊಂದನ್ನೇ ಹೊರತು ನೀರಿನ ಲೆಕ್ಕವನ್ನಲ್ಲ.

ಹೆಜ್ಜೆ 1: ಉಪಗ್ರಹಕ್ಕೆ ಯಾವ ಪ್ರಶ್ನೆ ಕೇಳಬಹುದು ಎಂದು ಮೊದಲು ತಿಳಿಯಿರಿ

ಅಂತರ್ಜಲವನ್ನು ಆಕಾಶದಿಂದ ಯಾರೂ ನೋಡುವುದಿಲ್ಲ. ಅದರ ತೂಕವನ್ನು ಅಳೆಯುತ್ತಾರೆ. ಅಮೆರಿಕದ ನಾಸಾ ಮತ್ತು ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಸೇರಿ 2002ರ ಮಾರ್ಚ್‌ನಲ್ಲಿ ಹಾರಿಬಿಟ್ಟ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಒಂದರ ಹಿಂದೆ ಒಂದು ಸುಮಾರು 220 ಕಿ.ಮೀ. ಅಂತರದಲ್ಲಿ ಸಾಗುತ್ತಿದ್ದವು. ಕೆಳಗೆ ಎಲ್ಲಿ ಹೆಚ್ಚು ದ್ರವ್ಯರಾಶಿ ಇದೆಯೋ ಅಲ್ಲಿ ಗುರುತ್ವ ತುಸು ಹೆಚ್ಚು. ಮುಂದಿನ ಉಪಗ್ರಹ ಅದನ್ನು ಮೊದಲು ಅನುಭವಿಸಿ ತುಸು ಮುಂದೆ ಜಗ್ಗುತ್ತದೆ. ಎರಡರ ನಡುವಿನ ಅಂತರದಲ್ಲಾಗುವ ಈ ಬದಲಾವಣೆಯನ್ನು ಮೈಕ್ರಾನ್ ಮಟ್ಟದಲ್ಲಿ ಅಳೆದು, ಆಯಾ ತಿಂಗಳು ಆಯಾ ಪ್ರದೇಶದಲ್ಲಿ ಒಟ್ಟು ನೀರು ಎಷ್ಟು ಹೆಚ್ಚಿತು, ಎಷ್ಟು ತಗ್ಗಿತು ಎಂದು ಹೇಳುತ್ತಾರೆ. 2017ರಲ್ಲಿ ಆ ಜೋಡಿಯ ಕೆಲಸ ಮುಗಿಯಿತು. 2018ರ ಮೇ ತಿಂಗಳಲ್ಲಿ ಗ್ರೇಸ್ ಫಾಲೋ-ಆನ್ ಎಂಬ ಹೊಸ ಜೋಡಿ ಹಾರಿತು.

2009ರಲ್ಲಿ ನಾಸಾದ ವಿಜ್ಞಾನಿಗಳು ಇದೇ ದತ್ತಾಂಶ ಹಿಡಿದು ಪಂಜಾಬ್, ಹರಿಯಾಣ, ರಾಜಸ್ಥಾನ ಭಾಗದಲ್ಲಿ 2002–2008ರ ನಡುವೆ 109 ಘನ ಕಿ.ಮೀ. ಅಂತರ್ಜಲ ಬರಿದಾಯಿತೆಂದು ತೋರಿಸಿದರು. ಆ ಲೆಕ್ಕ ಅಲ್ಲಿ ಕೈಗೂಡಿದ್ದಕ್ಕೆ ಕಾರಣ ಪ್ರದೇಶದ ಹರವು. ಗ್ರೇಸ್‌ನ ಒಂದು ನೈಜ ಚೌಕ ಸುಮಾರು 300 ಕಿ.ಮೀ. ಉದ್ದಗಲದ್ದು, ಎಂದರೆ ಹತ್ತಿರ ಹತ್ತಿರ ಒಂದು ಲಕ್ಷ ಚದರ ಕಿ.ಮೀ. ಮಂಡ್ಯ ಜಿಲ್ಲೆ 4,961 ಚದರ ಕಿ.ಮೀ. ಇಡೀ ಬಡಾವಣೆಗೆ ಹಾಕಿದ ಒಂದೇ ವಿದ್ಯುತ್ ಮೀಟರ್ ನೋಡಿ ನಿಮ್ಮ ಮನೆಯ ಬಿಲ್ಲು ಹೇಳಿ ಎಂದಂತೆ ಇದು. ಕಡತದಲ್ಲಿ ಕಾಲು ಡಿಗ್ರಿ, ಅರ್ಧ ಡಿಗ್ರಿಯ ಸಣ್ಣ ಚೌಕಗಳು ಕಾಣುತ್ತವೆ ನಿಜ. ಅವು ಸಂಖ್ಯೆಗಳನ್ನು ಇಡಲು ಮಾಡಿಕೊಂಡ ಮನೆಗಳಷ್ಟೇ. ಅಳತೆಯ ಸೂಕ್ಷ್ಮತೆ ಅಷ್ಟಿಲ್ಲ.

ಕೈಲೆಕ್ಕವೊಂದನ್ನು ಮಾಡಿ ನೋಡಿ. ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯ 49.45 ಟಿಎಂಸಿ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಒಟ್ಟು 140 ಕೋಟಿ ಘನ ಮೀಟರ್ ಆಯಿತು. ಆ ನೀರನ್ನೆಲ್ಲ ಮಂಡ್ಯ ಜಿಲ್ಲೆಯ ಮೇಲೆ ಸಮನಾಗಿ ಹರಡಿದರೆ 28 ಸೆಂ.ಮೀ. ಎತ್ತರ ನಿಲ್ಲುತ್ತದೆ. ಗ್ರೇಸ್‌ನ ಒಂದು ಲಕ್ಷ ಚದರ ಕಿ.ಮೀ. ಮೇಲೆ ಹರಡಿದರೆ 1.4 ಸೆಂ.ಮೀ. ಗ್ರೇಸ್ ಅಳತೆಯ ಅನಿಶ್ಚಿತತೆಯೇ 1ರಿಂದ 2 ಸೆಂ.ಮೀ.! ಇಡೀ ಕನ್ನಂಬಾಡಿ ಕಟ್ಟೆ ತುಂಬಿದ್ದೂ ಬರಿದಾದದ್ದೂ ಈ ಉಪಗ್ರಹಕ್ಕೆ ಅಂಚಿನಲ್ಲಿ ಮಾತ್ರ ಗೊತ್ತಾಗುತ್ತದೆ ಎಂದ ಮೇಲೆ ಒಂದು ಗ್ರಾಮ ಪಂಚಾಯಿತಿಯ ಅಂತರ್ಜಲದ ಬಗ್ಗೆ ಅದನ್ನು ನೇರವಾಗಿ ಕೇಳುವುದರಲ್ಲಿ ಅರ್ಥವಿಲ್ಲ.

ಇನ್ನೂ ಒಂದು ತೊಡಕು ನಮ್ಮ ಸೀಮೆಗೇ ವಿಶೇಷವಾದದ್ದು. ಮಂಡ್ಯ, ಮೈಸೂರು ಬೀಳುವ ಚೌಕದ ಪಕ್ಕದಲ್ಲೇ, ಕೆಲವೊಮ್ಮೆ ಒಳಗೇ, ಕೊಡಗು ಮತ್ತು ಪಶ್ಚಿಮ ಘಟ್ಟ ಇವೆ. ಅಲ್ಲಿನ ಮುಂಗಾರಿನ ತೂಕ ಇಲ್ಲಿನ ಲೆಕ್ಕಕ್ಕೆ ಸೋರಿಕೊಳ್ಳುತ್ತದೆ. ಜುಲೈಯಲ್ಲಿ ಗ್ರೇಸ್ ರೇಖೆ ಜಿಗಿದದ್ದು ಕಂಡು ನಾಗಮಂಗಲದ ಅಂತರ್ಜಲ ಚೇತರಿಸಿಕೊಂಡಿತೆಂದು ಬರೆದರೆ ಊರವರು ನಗುತ್ತಾರೆ.

ಹಾಗಾದರೆ ಗ್ರೇಸ್ ಯಾಕೆ ಬೇಕು? ದೀರ್ಘಕಾಲದ ಒಲವು ತಿಳಿಯಲು, ಮತ್ತು ಮೇಲು ಕಾವೇರಿ ಸೀಮೆಗೆ ಇದು ಒಟ್ಟಾರೆ ಒಣ ವರ್ಷವೋ ಒದ್ದೆ ವರ್ಷವೋ ಎಂದು ಹೇಳಲು. ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಸ್ಥಳೀಯ ವಿವರಕ್ಕೆ ಬೇರೆ ದತ್ತಾಂಶ ಬೇಕು. ಈ ಎರಡನ್ನೂ ಕೂಡಿಸಲು ಯಂತ್ರಕಲಿಕೆ ಬೇಕು, ಎಂದರೆ ಹಳೆಯ ದತ್ತಾಂಶದಿಂದ ತಾನೇ ಕಲಿತು ಊಹಿಸುವ ಕಂಪ್ಯೂಟರ್ ವಿಧಾನ. ಹಾಗೆ ಕಲಿತ ಲೆಕ್ಕಕ್ಕೆ ಮಾದರಿ ಎನ್ನುತ್ತಾರೆ.

ಹೆಜ್ಜೆ 2: ಜಿಲ್ಲೆಯನ್ನು ಎರಡಾಗಿ ಒಡೆಯಿರಿ

ಕಂಪ್ಯೂಟರ್ ಮುಟ್ಟುವ ಮೊದಲೇ ಮಾಡಬೇಕಾದ ಕೆಲಸ ಇದು, ಮತ್ತು ಹೊರಗಿನಿಂದ ಬಂದವರು ಬಹುತೇಕ ಬಿಟ್ಟುಬಿಡುವುದೂ ಇದನ್ನೇ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟು ಒಂದು ಕಡೆ, ಮಳೆ ಹಾಗೂ ಕೊಳವೆಬಾವಿಯನ್ನೇ ನಂಬಿದ ನೆಲ ಇನ್ನೊಂದು ಕಡೆ. ಅಚ್ಚುಕಟ್ಟಿನಲ್ಲಿ ಅಂತರ್ಜಲ ಏರುವುದು ಮಳೆಯಿಂದಲ್ಲ, ನಾಲೆಗೆ ನೀರು ಬಿಟ್ಟಾಗ. ಭತ್ತದ ಗದ್ದೆಯಲ್ಲಿ ನಿಂತ ನೀರು, ನಾಲೆಯ ಸೋರಿಕೆ ಎರಡೂ ಕೆಳಗೆ ಇಳಿದು ತೆರೆದ ಬಾವಿಯ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಬೇಸಿಗೆಯಲ್ಲಿ ನಾಲೆ ನಿಲ್ಲಿಸಿದರೆ ಇಳಿಯುತ್ತದೆ. ನಾಗಮಂಗಲದ ಮಳೆಯಾಧಾರಿತ ಹೋಬಳಿಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಮತ್ತು ಕೆರೆಗಳ ಮೇಲೆ ಎಲ್ಲವೂ ನಿಂತಿದೆ. ಮೈಸೂರು ಜಿಲ್ಲೆಯಲ್ಲೂ ಇದೇ ಭೇದ: ತಿ. ನರಸೀಪುರದ ನಾಲೆ ಬಯಲಿನ ಬಾವಿಯನ್ನೂ ಹುಣಸೂರಿನ ಕಡೆಯ ಒಣಭೂಮಿಯ ಬಾವಿಯನ್ನೂ ಒಂದೇ ಸೂತ್ರಕ್ಕೆ ಕಟ್ಟಲಾಗದು.

ಎರಡನ್ನೂ ಒಟ್ಟಿಗೆ ಒಂದು ಮಾದರಿಗೆ ಕೊಟ್ಟರೆ ಅದು ಸರಾಸರಿ ಮಾಡಿ ಎರಡು ಕಡೆಯೂ ತಪ್ಪುತ್ತದೆ. ನಾಲೆಗಳ ನಕ್ಷೆಯನ್ನು ಕ್ಯೂಜಿಐಎಸ್‌ನಲ್ಲಿ ಹಾಕಿ ಪ್ರತಿ ಬಾವಿಗೂ ಅಚ್ಚುಕಟ್ಟು, ತುದಿ ಭಾಗ, ಮಳೆಯಾಧಾರಿತ ಎಂದು ಮೂರರಲ್ಲಿ ಒಂದು ಗುರುತು ಕೊಡಿ. ತುದಿ ಭಾಗವನ್ನು ಬೇರೆಯಾಗಿ ಇಡುವುದಕ್ಕೆ ಕಾರಣವಿದೆ. ಮದ್ದೂರು, ಮಳವಳ್ಳಿ ಕಡೆಯ ತುದಿಯ ಹೊಲಗಳಿಗೆ ಕಾಗದದಲ್ಲಿ ನಾಲೆ ಇರುತ್ತದೆ, ನೀರು ಮಾತ್ರ ಒಳ್ಳೆಯ ವರ್ಷದಲ್ಲಷ್ಟೇ ತಲುಪುತ್ತದೆ. ಉಳಿದ ವರ್ಷ ಅವರೂ ಕೊಳವೆಬಾವಿಯವರೇ.

ಕೆಳಗಿನ ಕಲ್ಲಿನ ಬಗ್ಗೆಯೂ ಒಂದು ಮಾತು. ಎರಡೂ ಜಿಲ್ಲೆಗಳ ಬಹುಭಾಗ ಗ್ರಾನೈಟ್ ಮತ್ತು ನೈಸ್ ಶಿಲೆ. ನಾಗಮಂಗಲದ ಕಡೆ ಶಿಸ್ಟ್ ಪಟ್ಟಿಯೂ ಇದೆ. ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಮೆಕ್ಕಲು ಮಣ್ಣಿನ ಗಂಗಾ ಬಯಲಿನಂತೆ ಇದು ಕುಗ್ಗುವುದಿಲ್ಲ. ಹೀಗಾಗಿ ಭೂಮಿ ಕುಸಿತವನ್ನು ರಾಡಾರ್‌ನಿಂದ ಅಳೆದು ಅಂತರ್ಜಲ ಹೇಳುವ ವಿಧಾನ ಇಲ್ಲಿ ಫಲ ಕೊಡದು. ಅದಕ್ಕೆ ಸಮಯ ಕಳೆಯಬೇಡಿ.

ಹೆಜ್ಜೆ 3: ಬಾವಿಯ ದಾಖಲೆ

ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಬಾರಿ ಮಟ್ಟ ಅಳೆಯುತ್ತದೆ: ಜನವರಿ, ಮುಂಗಾರಿಗೆ ಮುಂಚೆ, ಆಗಸ್ಟ್, ನವೆಂಬರ್. ಇವು ಇಂಡಿಯಾ-ವ್ರಿಸ್ ಜಾಲತಾಣದಲ್ಲಿ ಸಿಗುತ್ತವೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯದ ಬಾವಿಗಳ ತಿಂಗಳವಾರು ಅಳತೆಯನ್ನು ಜಿಲ್ಲಾ ಕಚೇರಿಯಲ್ಲಿ ಅರ್ಜಿ ಕೊಟ್ಟು ಕೇಳಿ. ತಿಂಗಳ ಅಳತೆ ಸಿಕ್ಕರೆ ಯಂತ್ರಕ್ಕೆ ಕಲಿಯಲು ಹೆಚ್ಚು ಸಿಗುತ್ತದೆ.

ಕಡತ ಕೈಗೆ ಬಂದ ಮೇಲೆ ಅದನ್ನು ಹಾಗೆಯೇ ನಂಬಬಾರದು. ಸೊನ್ನೆ ಎಂದಿದ್ದರೆ ಅಳತೆ ಇಲ್ಲವೆಂದೋ, ನೀರು ನೆಲಮಟ್ಟಕ್ಕೆ ಬಂದಿದೆಯೆಂದೋ ಯೋಚಿಸಿ; ಅಚ್ಚುಕಟ್ಟಿನಲ್ಲಿ ಎರಡನೆಯದು ಸಾಧ್ಯ, ನಾಗಮಂಗಲದಲ್ಲಿ ಅಸಾಧ್ಯ. ಸತತ ನಾಲ್ಕು ಅಳತೆ ದಶಮಾಂಶ ಸಹಿತ ಒಂದೇ ಆಗಿದ್ದರೆ ಯಾರೋ ಹಿಂದಿನ ಸಾಲನ್ನು ನಕಲು ಮಾಡಿದ್ದಾರೆ. ಅಕ್ಷಾಂಶ, ರೇಖಾಂಶ ಅದಲುಬದಲಾಗಿ ಬಾವಿ ಉತ್ತರ ಧ್ರುವದ ಕಡೆಯ ಸಮುದ್ರದಲ್ಲಿ ಬಿದ್ದಿರುವುದುಂಟು. ನಕ್ಷೆಯಲ್ಲಿ ಹಾಕಿದರೆ ಒಂದೇ ನೋಟಕ್ಕೆ ಸಿಕ್ಕಿಬೀಳುತ್ತದೆ. ಹಳೆಯ ತೆರೆದ ಬಾವಿ ಬತ್ತಿದ ಮೇಲೆ ಅದೇ ಹೆಸರಿನಲ್ಲಿ ಕೊಳವೆಬಾವಿಯನ್ನು ಅಳೆಯತೊಡಗಿದರೆ ರೇಖೆಯಲ್ಲಿ ಹಠಾತ್ ಹಳ್ಳ ಕಾಣುತ್ತದೆ. ಅಂಥದ್ದನ್ನು ಎರಡು ಬೇರೆ ಬಾವಿಗಳೆಂದು ಒಡೆಯಿರಿ.

ಇವೆಲ್ಲಕ್ಕಿಂತ ಮೋಸದ ವಿಷಯ ಬತ್ತಿದ ಬಾವಿ. ಬಾವಿ ಒಣಗಿದ ತಿಂಗಳು ಕಡತದಲ್ಲಿ ಸಂಖ್ಯೆ ಇರುವುದಿಲ್ಲ. ಆ ಸಾಲನ್ನು ಕೈಬಿಟ್ಟು ಉಳಿದ ಬಾವಿಗಳ ಸರಾಸರಿ ತೆಗೆದರೆ ಬರಗಾಲದಲ್ಲಿ ಜಿಲ್ಲೆಯ ಅಂತರ್ಜಲ ಸುಧಾರಿಸಿದಂತೆ ತೋರುತ್ತದೆ, ಏಕೆಂದರೆ ಲೆಕ್ಕದಲ್ಲಿ ಉಳಿದದ್ದು ನೀರಿರುವ ಬಾವಿಗಳು ಮಾತ್ರ. ಒಣಗಿದ್ದು ಎಂಬುದೂ ಮಾಹಿತಿಯೇ: ನೀರು ಬಾವಿಯ ತಳಕ್ಕಿಂತ ಕೆಳಗಿದೆ ಎಂದು ಅದು ಹೇಳುತ್ತಿದೆ. ಕಾಲಮ್ ಒಂದನ್ನು ಸೇರಿಸಿ ‘ತಳಕ್ಕಿಂತ ಕೆಳಗೆ’ ಎಂದು ಗುರುತಿಸಿ, ಕನಿಷ್ಠ ಪಕ್ಷ ಬಾವಿಯ ಆಳವನ್ನೇ ಆ ತಿಂಗಳ ಮಟ್ಟವಾಗಿ ಇಡಿ.

ಸರ್ಕಾರಿ ಬಾವಿಗಳು ಸಾಲದಾದಲ್ಲಿ ಊರಿನವರ ಕೊಳವೆಬಾವಿಗಳಲ್ಲಿ ನೀವೇ ಅಳೆಯಬಹುದು. ನೀರು ಮುಟ್ಟಿದರೆ ಸದ್ದು ಮಾಡುವ ಸೌಂಡರ್ ಟೇಪ್ ಬೇಕು. ನಡೆಯುತ್ತಿರುವ ಕೊಳವೆಬಾವಿಯೊಳಗೆ ಪೈಪು, ಕೇಬಲ್ಲು, ಹಗ್ಗ ಎಲ್ಲ ಇಳಿದಿರುತ್ತವೆ. ಟೇಪು ಅವುಗಳಿಗೆ ಸುತ್ತಿಕೊಂಡರೆ ಮೇಲೆ ಬರದು; ಯಜಮಾನರ ಮುಖವನ್ನೂ ನೋಡಲಾಗದು. ಮೋಟಾರ್ ರಿಪೇರಿಗೆಂದು ಪೈಪ್ ಮೇಲೆತ್ತಿದಾಗ ಮುಕ್ಕಾಲು ಇಂಚಿನ ಪ್ಲಾಸ್ಟಿಕ್ ಕೊಳವೆಯೊಂದನ್ನು ಜೊತೆಗೇ ಇಳಿಸಲು ಕೇಳಿಕೊಳ್ಳಿ. ಆಮೇಲೆ ಅದರೊಳಗೆ ಟೇಪು ಬಿಟ್ಟರೆ ತೊಂದರೆಯೇ ಇಲ್ಲ. ಅಳೆಯುವುದು ಮೋಟಾರ್ ನಿಂತು ಕೆಲವು ಗಂಟೆ ಕಳೆದ ಮೇಲೆ. ತ್ರೀ ಫೇಸ್ ವಿದ್ಯುತ್ ಯಾವ ಪಾಳಿಯಲ್ಲಿ ಬರುತ್ತದೆಂದು ತಿಳಿದು, ಅದು ಬರುವ ಮುನ್ನವೇ ಹೋಗಿ. ಕೇಸಿಂಗ್ ಪೈಪ್ ನೆಲದಿಂದ ಎಷ್ಟು ಮೇಲಿದೆಯೋ ಅಷ್ಟನ್ನು ಕಳೆಯಿರಿ. ಪಕ್ಕದ ಹೊಲದ ಮೋಟಾರ್ ಓಡುತ್ತಿದ್ದರೆ ಅದನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ.

ಕೊನೆಗೆ ಪ್ರತಿ ಬಾವಿಯ ನೀರಿನ ಆಳದಿಂದ ಅದರದೇ ಸರಾಸರಿಯನ್ನು ಕಳೆದು ವ್ಯತ್ಯಾಸವಾಗಿ ಪರಿವರ್ತಿಸಿ. ಆಳ ಹೆಚ್ಚಾದರೆ ನೀರು ಕಡಿಮೆ ಎಂಬುದರಿಂದ ಚಿಹ್ನೆ ತಿರುಗಿಸುವುದನ್ನು ಮರೆಯದಿರಿ.

ಹೆಜ್ಜೆ 4: ಉಪಗ್ರಹ ದತ್ತಾಂಶ ಇಳಿಸಿಕೊಳ್ಳುವುದು

ಒಟ್ಟು ನೀರಿಗೆ ಗ್ರೇಸ್‌ನ ‘ಮ್ಯಾಸ್ಕಾನ್’ ಕಡತಗಳು (ನೆಲವನ್ನು ತುಂಡುಗಳಾಗಿ ಒಡೆದು ಪ್ರತಿಯೊಂದರ ದ್ರವ್ಯರಾಶಿಯ ಬದಲಾವಣೆ ಕೊಡುವಂಥವು) ಬೇಕು. ಅಮೆರಿಕದ ಜೆಪಿಎಲ್ ಮತ್ತು ಟೆಕ್ಸಸ್ ವಿಶ್ವವಿದ್ಯಾಲಯದ ಸಿಎಸ್‌ಆರ್ ಕೇಂದ್ರಗಳು ಪ್ರತ್ಯೇಕವಾಗಿ ಇವನ್ನು ಸಿದ್ಧಪಡಿಸುತ್ತವೆ. ಎರಡನ್ನೂ ಇಳಿಸಿ ಸರಾಸರಿ ತೆಗೆಯಿರಿ. ಎರಡರ ನಡುವಿನ ಅಂತರವೇ ಅನಿಶ್ಚಿತತೆಯ ಒಂದು ಅಂದಾಜು. ಮಳೆಗೆ ಚಿರ್ಪ್ಸ್ ಎಂಬ ಉಪಗ್ರಹ ಆಧಾರಿತ ದತ್ತಾಂಶ: ಸುಮಾರು 5 ಕಿ.ಮೀ. ಚೌಕ, 1981ರಿಂದ ಲಭ್ಯ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ದಾಖಲೆ ಸಿಕ್ಕರೆ ಅದನ್ನೇ ಮುಂದಿಡಿ. ನಮ್ಮ ಕಡೆಯ ಮಳೆ ಒಂದು ಊರಿಗೆ ಬಿದ್ದು ಪಕ್ಕದೂರಿಗೆ ಕೈಕೊಡುವ ಜಾತಿಯದು. ಮಣ್ಣಿನ ತೇವಕ್ಕೆ ಜಿಎಲ್‌ಡಿಎಎಸ್‌ನ ನೋವಾ ಮಾದರಿ ಮತ್ತು ಇಆರ್‌ಎ5-ಲ್ಯಾಂಡ್ (ಎರಡೂ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಜಾಗತಿಕ ದತ್ತಾಂಶ), ಆವಿಯಾಗುವ ನೀರಿಗೆ ಮೋಡಿಸ್ ಉಪಗ್ರಹ ಸಂವೇದಕ, ಬೆಳೆಯ ಹಸಿರಿಗೆ ಸೆಂಟಿನೆಲ್-2 ಅಥವಾ ಲ್ಯಾಂಡ್‌ಸ್ಯಾಟ್. ಮೋಡವಿದ್ದಾಗಲೂ ಕೆರೆಯ ನೀರಿನ ಹರವು ನೋಡಲು ಸೆಂಟಿನೆಲ್-1 ರಾಡಾರ್ ಚಿತ್ರ ಒದಗುತ್ತದೆ.

ಜಿಎಲ್‌ಡಿಎಎಸ್‌ನ 2.2 ಆವೃತ್ತಿಯಲ್ಲಿ ಅಂತರ್ಜಲ ಎಂಬ ಕಾಲಮ್ಮೇ ಇದೆ. ಸಿದ್ಧ ಉತ್ತರವೆಂದು ಅದಕ್ಕೆ ಕೈಹಾಕಬೇಡಿ. ಅದರೊಳಗೆ ಗ್ರೇಸ್ ದತ್ತಾಂಶ ಆಗಲೇ ಬೆರೆತಿದೆ. ಅದನ್ನೇ ಗುರಿಯಾಗಿಟ್ಟು ಗ್ರೇಸ್‌ನಿಂದ ಊಹಿಸಿದರೆ ಅಂಕವೇನೋ ಭರ್ಜರಿಯಾಗಿ ಬರುತ್ತದೆ, ಹೊಸದಾಗಿ ತಿಳಿದದ್ದು ಏನೂ ಇರುವುದಿಲ್ಲ.

2017ರ ಜುಲೈನಿಂದ 2018ರ ಮೇವರೆಗೆ ಎರಡು ಜೋಡಿಗಳ ನಡುವೆ ಹನ್ನೊಂದು ತಿಂಗಳ ಖಾಲಿ ಇದೆ. ಎರಡು ತುದಿಗೆ ನೇರ ಗೆರೆ ಎಳೆದು ತುಂಬಿದರೆ ಒಂದು ಇಡೀ ಹಿಂಗಾರು ಮಾಯವಾಗುತ್ತದೆ. ಮಳೆ ಮತ್ತು ಮಣ್ಣಿನ ತೇವದಿಂದ ಅಂದಾಜಿಸಿ ತುಂಬಿ, ಇಲ್ಲವೇ ಖಾಲಿಯಾಗಿಯೇ ಬಿಡಿ. ತುಂಬಿದರೆ ಆ ಸಾಲುಗಳಿಗೆ ಗುರುತು ಇರಲಿ.

ಹೆಜ್ಜೆ 5: ಕಳೆಯುವ ಲೆಕ್ಕ

ಒಟ್ಟು ನೀರಿನ ವ್ಯತ್ಯಾಸದಿಂದ ಮಣ್ಣಿನ ತೇವದ ವ್ಯತ್ಯಾಸ ಮತ್ತು ಮೇಲ್ಮೈ ನೀರಿನ ವ್ಯತ್ಯಾಸವನ್ನು ಕಳೆದರೆ ಉಳಿಯುವುದು ಅಂತರ್ಜಲದ ವ್ಯತ್ಯಾಸ. ಹಿಮ ನಮಗೆ ಲೆಕ್ಕಕ್ಕಿಲ್ಲ. ಸೂತ್ರ ಸರಳ, ಎಡವುವುದು ಮಾನಗಳಲ್ಲಿ. ಗ್ರೇಸ್ ಸೆಂಟಿಮೀಟರ್‌ನಲ್ಲಿ ಇರುತ್ತದೆ, 2004–2009ರ ಸರಾಸರಿಗೆ ಹೋಲಿಸಿದ ವ್ಯತ್ಯಾಸವಾಗಿ. ನೋವಾ ಮಾದರಿ ನಾಲ್ಕು ಪದರಗಳಲ್ಲಿ 2 ಮೀಟರ್ ಆಳದವರೆಗಿನ ತೇವವನ್ನು ಚದರ ಮೀಟರ್‌ಗೆ ಕಿಲೋಗ್ರಾಂ ಎಂದು ಕೊಡುತ್ತದೆ. ಅದು ಮಿಲಿಮೀಟರ್‌ಗೆ ಸಮ. ನಾಲ್ಕನ್ನೂ ಕೂಡಿಸಿ ಹತ್ತರಿಂದ ಭಾಗಿಸಿ, ಅದೇ 2004–2009ರ ಸರಾಸರಿಯನ್ನು ಕಳೆಯಿರಿ. ಆಧಾರ ಅವಧಿ ಎರಡಕ್ಕೂ ಒಂದೇ ಆಗಿರದಿದ್ದರೆ ಮುಂದಿನದೆಲ್ಲ ವ್ಯರ್ಥ.

ಮೇಲ್ಮೈ ನೀರು ಎಂದರೆ ಇಲ್ಲಿ ಮುಖ್ಯವಾಗಿ ಜಲಾಶಯಗಳು. ಕೆಆರ್‌ಎಸ್ 49.45, ಹೇಮಾವತಿ 37.10, ಕಬಿನಿ 19.52, ಹಾರಂಗಿ 8.5 ಟಿಎಂಸಿ. ನಾಲ್ಕೂ ತುಂಬಿದರೆ ಒಂದು ಲಕ್ಷ ಚದರ ಕಿ.ಮೀ. ಮೇಲೆ 3.2 ಸೆಂ.ಮೀ. ಆಗುತ್ತದೆ. ಇದನ್ನು ಕಳೆಯದಿದ್ದರೆ ಕಟ್ಟೆಯಲ್ಲಿ ನಿಂತ ನೀರೆಲ್ಲ ಅಂತರ್ಜಲದ ಖಾತೆಗೆ ಜಮಾ ಆಗುತ್ತದೆ. ದಿನದ ವರದಿಯಲ್ಲಿ ಬರುವ ಅಡಿಗಳನ್ನು ನೇರವಾಗಿ ಬಳಸಬೇಡಿ. ಕೆಆರ್‌ಎಸ್ 124.80 ಅಡಿಯಿಂದ 100 ಅಡಿಗೆ ಇಳಿದರೆ ಐದರಲ್ಲಿ ಒಂದು ಪಾಲು ಹೋಯಿತೆಂದಲ್ಲ, ಅರ್ಧಕ್ಕಿಂತ ಹೆಚ್ಚು ನೀರು ಹೋಗಿರುತ್ತದೆ. ಅದೇ ವರದಿಯಲ್ಲಿರುವ ಟಿಎಂಸಿ ಸಂಖ್ಯೆಯನ್ನು ತೆಗೆದುಕೊಳ್ಳಿ.

ಉಳಿದದ್ದಕ್ಕೆ ಅಂತರ್ಜಲ ಎಂದು ಹೆಸರಿಟ್ಟರೂ ಅದರಲ್ಲಿ ಬೇರೆಯದೂ ಸೇರಿರುತ್ತದೆ. ನೀರು ನೂರಾರು ಅಡಿ ಕೆಳಗಿರುವ ಜಾಗದಲ್ಲಿ 2 ಮೀಟರ್‌ನಿಂದ ಕೆಳಗೆ, ನೀರಿನ ಮಟ್ಟಕ್ಕಿಂತ ಮೇಲೆ ಇರುವ ಮಣ್ಣು ಮತ್ತು ಶಿಥಿಲ ಶಿಲೆಯ ತೇವ ನೋವಾ ಮಾದರಿಯಲ್ಲಿಲ್ಲ. ಅದೆಲ್ಲ ಈ ಖಾತೆಗೇ ಬೀಳುತ್ತದೆ. ಹಾಗಾಗಿ ಈ ರೇಖೆಯನ್ನು ಸೀಮೆಯ ಹಿನ್ನೆಲೆಯಾಗಿ ಮಾತ್ರ ಬಳಸುವುದು ಸರಿ.

ಹೆಜ್ಜೆ 6: ಯಂತ್ರಕ್ಕೆ ಏನನ್ನು ಕೊಡಬೇಕು

ಈಗ ಒಂದು ದೊಡ್ಡ ಕೋಷ್ಟಕ ಮಾಡಿ. ಪ್ರತಿ ಸಾಲು ಒಂದು ಬಾವಿ, ಒಂದು ತಿಂಗಳು. ಊಹಿಸಬೇಕಾದದ್ದು ಆ ಬಾವಿಯ ಮಟ್ಟದ ವ್ಯತ್ಯಾಸ. ಉಳಿದ ಕಾಲಮ್‌ಗಳು ಸುಳಿವುಗಳು: ಆ ತಿಂಗಳ ಮಳೆ, ಹಿಂದಿನ ಮೂರು, ಆರು, ಹನ್ನೆರಡು ತಿಂಗಳ ಒಟ್ಟು ಮಳೆ, ಆವಿಯಾದ ನೀರು, ಹೆಜ್ಜೆ 5ರ ಸೀಮೆ ರೇಖೆ, ಬಾವಿಯಿರುವ ಶಿಲೆ, ನೆಲದ ಇಳಿಜಾರು, ನಾಲೆಯಿಂದ ದೂರ, ಹತ್ತಿರದ ಕೆರೆಯ ನೀರಿನ ಹರವು. ಅಚ್ಚುಕಟ್ಟಿನ ಬಾವಿಗಳಿಗೆ ವಿಶ್ವೇಶ್ವರಯ್ಯ ನಾಲೆಗೆ ತಿಂಗಳಲ್ಲಿ ಬಿಟ್ಟ ಒಟ್ಟು ನೀರು ಎಲ್ಲಕ್ಕಿಂತ ಮುಖ್ಯ. ಹರಿವು ಕ್ಯೂಸೆಕ್‌ನಲ್ಲಿ ಸಿಗುತ್ತದೆ. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ.

ಕಷ್ಟದ ಪ್ರಶ್ನೆ ಎಂದರೆ ಮೇಲೆತ್ತಿದ ನೀರು ಎಷ್ಟು ಎಂಬುದು. ಯಾವ ಪಂಪ್‌ಸೆಟ್‌ಗೂ ನೀರಿನ ಮೀಟರ್ ಇಲ್ಲ. ಎರಡು ಪರೋಕ್ಷ ದಾರಿಗಳಿವೆ. ಮೊದಲನೆಯದು ಬೇಸಿಗೆಯ ಹಸಿರು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಳೆಯಿಲ್ಲದ ಹೊಲ ಹಸಿರಾಗಿದ್ದರೆ ಎಲ್ಲಿಂದಲೋ ನೀರು ಬಂದಿದೆ. ಮಳೆಯಾಧಾರಿತ ಹೋಬಳಿಯಲ್ಲಿ ಆ ಎಲ್ಲಿಂದಲೋ ಎಂದರೆ ಕೊಳವೆಬಾವಿ. ಆದರೆ ತೆಂಗಿನ ತೋಟ ವರ್ಷವಿಡೀ ಹಸಿರು, ಕುರುಚಲು ಕಾಡಿನ ಹಸಿರಿಗೆ ಯಾರೂ ನೀರು ಕಟ್ಟುವುದಿಲ್ಲ. ತೋಟ, ಕಾಡುಗಳನ್ನು ನಕ್ಷೆಯಲ್ಲಿ ಮುಚ್ಚಿ, ಹಿಪ್ಪುನೇರಳೆ, ತರಕಾರಿಯಂಥ ಬೆಳೆಗಳ ನೆಲವನ್ನಷ್ಟೇ ಎಣಿಸಿ.

ಎರಡನೆಯದು ವಿದ್ಯುತ್ತು. ನಿರಂತರ ಜ್ಯೋತಿ ಯೋಜನೆಯಲ್ಲಿ ಕೃಷಿ ಫೀಡರ್‌ಗಳನ್ನು ಮನೆಬಳಕೆಯಿಂದ ಬೇರ್ಪಡಿಸಿದ ಕಡೆ ಫೀಡರ್‌ವಾರು ಯುನಿಟ್‌ಗಳ ಲೆಕ್ಕ ಇರುತ್ತದೆ. ಒಂದು ಯುನಿಟ್ ವಿದ್ಯುತ್ತಿನಲ್ಲಿ ನಷ್ಟವೇ ಇಲ್ಲದಿದ್ದರೆ 367 ಘನ ಮೀಟರ್ ನೀರನ್ನು ಒಂದು ಮೀಟರ್ ಎತ್ತಬಹುದು. ನೀರು 100 ಮೀಟರ್ ಕೆಳಗಿದ್ದು, ಮೋಟಾರ್ ಮತ್ತು ಪಂಪ್ ಸೇರಿ ದಕ್ಷತೆ ಶೇ 30 ಇದ್ದರೆ ಒಂದು ಯುನಿಟ್‌ಗೆ ಸಿಗುವುದು ಸುಮಾರು 1,100 ಲೀಟರ್. ಮಟ್ಟ ಕುಸಿದಷ್ಟೂ ಅದೇ ಯುನಿಟ್‌ಗೆ ನೀರು ಕಡಿಮೆ. ಆದ್ದರಿಂದ ಯುನಿಟ್ ಹೆಚ್ಚಾಯಿತೆಂದರೆ ನೀರು ಹೆಚ್ಚು ಎತ್ತಿದರು ಎಂದೇನೂ ಅಲ್ಲ.

ಹೆಜ್ಜೆ 7: ಮಾದರಿ

ಡೀಪ್ ಲರ್ನಿಂಗ್ (ಹಲವು ಪದರಗಳ ನರಜಾಲ) ಬೇಡ. ಗ್ರೇಸ್‌ನ ಮೊದಲ ಜೋಡಿ ಕೊಟ್ಟದ್ದು 163 ತಿಂಗಳ ದತ್ತಾಂಶ. ಹೊಸ ಜೋಡಿಯದನ್ನು ಸೇರಿಸಿದರೂ ಇನ್ನೂರು ಚಿಲ್ಲರೆ. ಇಷ್ಟಕ್ಕೆ ನರಜಾಲ ಕಟ್ಟಿದರೆ ಅದು ಕಲಿಯುವುದಿಲ್ಲ, ಬಾಯಿಪಾಠ ಮಾಡುತ್ತದೆ. ಹಲವು ನಿರ್ಧಾರ ವೃಕ್ಷಗಳನ್ನು ಸೇರಿಸಿ ಊಹಿಸುವ ರ‍್ಯಾಂಡಮ್ ಫಾರೆಸ್ಟ್ ಅಥವಾ ಎಕ್ಸ್‌ಜಿಬೂಸ್ಟ್ ಸಾಕು. ಅಚ್ಚುಕಟ್ಟಿಗೆ ಒಂದು, ಮಳೆಯಾಧಾರಿತಕ್ಕೆ ಒಂದು, ಬೇರೆ ಬೇರೆ ಮಾದರಿ ಮಾಡಿ. ತುದಿ ಭಾಗದ ಬಾವಿಗಳನ್ನು ಎರಡರಲ್ಲೂ ಪರೀಕ್ಷಿಸಿ, ಯಾವುದು ಹೊಂದುತ್ತದೆಂದು ನೋಡಿ.

ಈ ವೃಕ್ಷ ಮಾದರಿಗಳಿಗೆ ಒಂದು ಮಿತಿ ಇದೆ: ತರಬೇತಿಯಲ್ಲಿ ಕಂಡ ಅತಿ ಕೆಳಗಿನ ಮಟ್ಟಕ್ಕಿಂತ ಹೆಚ್ಚು ಕೆಳಗೆ ಅವು ಊಹಿಸಲಾರವು. ಹಿಂದೆಂದೂ ಕಾಣದ ಬರ ಬಂದ ವರ್ಷವೇ ಕೈಕೊಡುತ್ತವೆ. ಇದಕ್ಕೆ ಮಟ್ಟವನ್ನು ಊಹಿಸುವ ಬದಲು ಒಂದು ಅಳತೆಯಿಂದ ಮುಂದಿನದಕ್ಕೆ ಆದ ಏರಿಳಿತವನ್ನು ಊಹಿಸುವಂತೆ ಮಾಡಿ, ಕೂಡಿಸುತ್ತ ಹೋಗಿ. ಜೊತೆಗೆ ಎಕ್ಸ್‌ಜಿಬೂಸ್ಟ್‌ನಲ್ಲಿ ‘ಮಳೆ ಹೆಚ್ಚಾದರೆ ಮಟ್ಟ ಇಳಿಯಕೂಡದು’ ಎಂಬಂಥ ಏಕಮುಖ ನಿರ್ಬಂಧ ಹಾಕಲು ಅವಕಾಶವಿದೆ. ಭೌತಶಾಸ್ತ್ರ ಗೊತ್ತಿಲ್ಲದ ಯಂತ್ರಕ್ಕೆ ಅಷ್ಟಾದರೂ ಹೇಳಿಕೊಡಬೇಕು.

ಹೆಜ್ಜೆ 8: ಪರೀಕ್ಷೆ ಕಟ್ಟುನಿಟ್ಟಾಗಿರಲಿ

ಸಾಲುಗಳನ್ನು ಯಾದೃಚ್ಛಿಕವಾಗಿ ಕಲಿಸಲು ಶೇ 80, ಪರೀಕ್ಷೆಗೆ ಶೇ 20 ಎಂದು ಒಡೆಯುವ ಪದ್ಧತಿ ಎಲ್ಲ ಪಾಠಗಳಲ್ಲೂ ಇದೆ. ಇಲ್ಲಿ ಅದು ವಂಚನೆಗೆ ಸಮ. ಒಂದು ಬಾವಿಯ ಮಾರ್ಚ್ ಮತ್ತು ಮೇ ಮಟ್ಟ ಕೊಟ್ಟು ಏಪ್ರಿಲ್ ಹೇಳು ಎಂದರೆ ಮಗುವೂ ಹೇಳುತ್ತದೆ. ಎರಡು ಪರೀಕ್ಷೆ ಮಾಡಿ. ಒಂದು ತಾಲ್ಲೂಕನ್ನು ಪೂರ್ತಿ ಹೊರಗಿಟ್ಟು ಉಳಿದವುಗಳಿಂದ ಕಲಿಸಿ, ಹೊರಗಿಟ್ಟ ತಾಲ್ಲೂಕನ್ನು ಊಹಿಸಿ. ಬಾವಿಯಿಲ್ಲದ ಊರಿಗೆ ಮಾದರಿ ಎಷ್ಟು ನಂಬಿಕಸ್ಥ ಎಂದು ಇದರಿಂದ ತಿಳಿಯುತ್ತದೆ. ಇನ್ನೊಂದು ಕಾಲದ ಪರೀಕ್ಷೆ: 2022ರವರೆಗೆ ಕಲಿಸಿ 2023–24 ಊಹಿಸಿ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದ ಆ ವರ್ಷವನ್ನು ಹಿಡಿಯಲಾಗದ ಮಾದರಿ ನಮಗೆ ಯಾವ ಪ್ರಯೋಜನಕ್ಕೂ ಬಾರದು. 2015ರವರೆಗೆ ಕಲಿಸಿ 2016 ಊಹಿಸುವುದೂ ಒಳ್ಳೆಯ ಪರೀಕ್ಷೆ.

ಅಂಕವನ್ನು ಯಾವುದಕ್ಕೆ ಹೋಲಿಸುತ್ತೀರಿ ಎಂಬುದೂ ಮುಖ್ಯ. ಪ್ರತಿ ಬಾವಿಗೂ ಆಯಾ ತಿಂಗಳ ಹಳೆಯ ಸರಾಸರಿಯನ್ನೇ ಉತ್ತರವೆಂದು ಕೊಡುವ ಸೋಮಾರಿ ವಿಧಾನವೊಂದಿದೆ. ನಿಮ್ಮ ಮಾದರಿಯ ಸರಾಸರಿ ತಪ್ಪು ಅದಕ್ಕಿಂತ ಕಡಿಮೆ ಇರದಿದ್ದರೆ ಅಷ್ಟೂ ಶ್ರಮ ನೀರಿನಲ್ಲಿ ಹೋಮ. ಯಾವ ಸುಳಿವು ಎಷ್ಟು ಮುಖ್ಯವಾಯಿತೆಂಬ ಪಟ್ಟಿ ತೆಗೆದಾಗ ತಿಂಗಳ ಸಂಖ್ಯೆಯೇ ಮೊದಲು ಬಂದರೆ ಯಂತ್ರ ನೀರನ್ನಲ್ಲ, ಪಂಚಾಂಗವನ್ನು ಕಲಿತಿದೆ.

ಗುಂಡ್ಲುಪೇಟೆಯ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಸೇರಿ ವರ್ಷಗಟ್ಟಲೆ ಅಂತರ್ಜಲ, ಮಣ್ಣಿನ ತೇವ, ಬೆಳೆ ಎಲ್ಲವನ್ನೂ ಅಳೆಯುತ್ತಿದ್ದಾರೆ. ಶಿಲೆ, ಬೆಳೆ ಎರಡೂ ನಮ್ಮದಕ್ಕೆ ಹತ್ತಿರ. ಅಲ್ಲಿಂದ ಹೊರಬಂದ ಬರಹಗಳನ್ನು ಓದಿದರೆ ಗಟ್ಟಿಶಿಲೆಯ ಅಂತರ್ಜಲ ಹೇಗೆ ವರ್ತಿಸುತ್ತದೆಂಬ ಅಂದಾಜು ಬರುತ್ತದೆ.

ಹೆಜ್ಜೆ 9: ಮಟ್ಟದಿಂದ ಸಂಗ್ರಹಕ್ಕೆ, ಸಂಗ್ರಹದಿಂದ ಊರಿಗೆ

ಬಾವಿಯಲ್ಲಿ ನೀರು ಒಂದು ಮೀಟರ್ ಇಳಿಯಿತೆಂದರೆ ನೆಲದಡಿ ಒಂದು ಮೀಟರ್ ನೀರು ಹೋಯಿತೆಂದಲ್ಲ. ಕಲ್ಲಿನೊಳಗೆ ನೀರು ಬಿಟ್ಟುಕೊಡುವ ಖಾಲಿ ಜಾಗ ಎಷ್ಟಿದೆಯೋ ಅಷ್ಟು. ಜೇಡಿ ಕಡಿಮೆಯಿರುವ ಶಿಥಿಲ ಗ್ರಾನೈಟ್, ನೈಸ್, ಶಿಸ್ಟ್‌ಗೆ ಸರ್ಕಾರಿ ಅಂದಾಜು ಸಮಿತಿಯ ಮಾನದಂಡ ಶೇ 2ರಿಂದ 4. ಜೇಡಿ ಹೆಚ್ಚಿದ್ದರೆ ಶೇ 1ರಿಂದ 2. ಶೇ 2 ಎಂದು ಇಟ್ಟುಕೊಂಡು ಒಂದು ಎಕರೆಯ ಕೆಳಗೆ ಮಟ್ಟ ಒಂದು ಮೀಟರ್ ಇಳಿದರೆ ಹೋದದ್ದು ಸುಮಾರು 81,000 ಲೀಟರ್. ಸೆಕೆಂಡಿಗೆ ಎರಡು ಲೀಟರ್ ಕೊಡುವ ಮೋಟಾರ್ ದಿನಕ್ಕೆ ಆರು ಗಂಟೆ ಓಡಿದರೆ 43,200 ಲೀಟರ್ ಎತ್ತುತ್ತದೆ. ಸುತ್ತಲಿನಿಂದ ನೀರು ಹರಿದು ಬರದಿದ್ದರೆ ಎರಡೇ ದಿನದ ಕೆಲಸ. ಈ ಲೆಕ್ಕವನ್ನು ರೈತರ ಮುಂದೆ ಒಮ್ಮೆ ಮಾಡಿ ತೋರಿಸಿ. ನಕ್ಷೆಗಿಂತ ಬೇಗ ಮನಸ್ಸಿಗೆ ಇಳಿಯುತ್ತದೆ.

ತಾಲ್ಲೂಕು ಮಟ್ಟಕ್ಕೆ ಬಂದರೆ: 1,000 ಚದರ ಕಿ.ಮೀ. ಮಳೆಯಾಧಾರಿತ ಪ್ರದೇಶದಲ್ಲಿ ನವೆಂಬರ್‌ನಿಂದ ಮೇವರೆಗೆ ಸರಾಸರಿ 3 ಮೀಟರ್ ಇಳಿದಿದ್ದರೆ, ಶೇ 2ರ ಪ್ರಕಾರ 6 ಕೋಟಿ ಘನ ಮೀಟರ್, ಎಂದರೆ 2.1 ಟಿಎಂಸಿ. ಶೇ 1 ಎಂದರೆ ಇದರ ಅರ್ಧ, ಶೇ 3 ಎಂದರೆ ಒಂದೂವರೆ ಪಟ್ಟು. ಒಂದೇ ಸಂಖ್ಯೆ ಬರೆದು ನಿಖರತೆಯ ವೇಷ ಹಾಕುವುದಕ್ಕಿಂತ ‘ಒಂದರಿಂದ ಮೂರು ಟಿಎಂಸಿ’ ಎಂದು ಬರೆಯುವುದೇ ಪ್ರಾಮಾಣಿಕ. ಟಿಎಂಸಿ ಬಳಸುವುದರಿಂದ ಇನ್ನೊಂದು ಲಾಭ: ನಮ್ಮ ಜಿಲ್ಲೆಯಲ್ಲಿ ಅದನ್ನು ವಿವರಿಸಬೇಕಾದವರು ಯಾರೂ ಇಲ್ಲ.

ಗ್ರೇಸ್ ಕಡತ ಎರಡು ಮೂರು ತಿಂಗಳು ತಡವಾಗಿ ಬರುತ್ತದೆ. ಅದರಿಂದ ಹೆಚ್ಚು ತೊಂದರೆಯಿಲ್ಲ. ಬೇಸಿಗೆ ಬೆಳೆಯ ತೀರ್ಮಾನ ಆಗುವುದು ಜನವರಿ, ಫೆಬ್ರವರಿಯಲ್ಲಿ. ಆ ಹೊತ್ತಿಗೆ ಮಳೆ ಮುಗಿದ ನವೆಂಬರ್‌ನ ದತ್ತಾಂಶ, ಆ ತಿಂಗಳ ಬಾವಿ ಅಳತೆ ಎರಡೂ ಕೈಯಲ್ಲಿರುತ್ತವೆ. ಅಲ್ಲಿಂದ ಮೇ ತಿಂಗಳ ಮಟ್ಟವನ್ನು ಊಹಿಸಿ ಹೋಬಳಿವಾರು ಪಟ್ಟಿ ಮಾಡಿ. ಸರ್ಕಾರಿ ವರ್ಗೀಕರಣದಲ್ಲಿ ಮರುಪೂರಣದ (ವರ್ಷದಲ್ಲಿ ಮತ್ತೆ ನೆಲದೊಳಗೆ ಇಳಿಯುವ ನೀರಿನ) ಶೇ 70ರವರೆಗೆ ಬಳಸಿದರೆ ಸುರಕ್ಷಿತ, 90ರವರೆಗೆ ಅರೆ ಕ್ಲಿಷ್ಟ, 100ರವರೆಗೆ ಕ್ಲಿಷ್ಟ, ಅದನ್ನು ಮೀರಿದರೆ ಅತಿಬಳಕೆ. ಅದು ವರ್ಷದ ಒಟ್ಟು ಲೆಕ್ಕ. ನಿಮ್ಮದು ಬರುವ ಬೇಸಿಗೆಯ ಮುನ್ನೋಟ. ಎರಡಕ್ಕೂ ಒಂದೇ ಬಣ್ಣಗಳನ್ನು ಹಾಕಿದರೆ ಕಚೇರಿಯವರೂ ರೈತರೂ ಗೊಂದಲಕ್ಕೆ ಬೀಳುತ್ತಾರೆ. ಬೇರೆ ಬಣ್ಣ ಆರಿಸಿ.

ಪಂಚಾಯಿತಿಗೆ ಕೊಡುವ ಹಾಳೆಯಲ್ಲಿ ಮೂರು ಸಾಲು ಸಾಕು: ಮೇ ತಿಂಗಳಲ್ಲಿ ಮಟ್ಟ ಕಳೆದ ವರ್ಷಕ್ಕಿಂತ ಎಷ್ಟು ಮೀಟರ್ ಕೆಳಗೆ ಅಥವಾ ಮೇಲೆ ಇರಬಹುದು, ಆ ಅಂದಾಜು ಎಷ್ಟರಿಂದ ಎಷ್ಟರವರೆಗೆ, ಅದು ಯಾವ ಬಾವಿಗಳ ಆಧಾರದ ಮೇಲೆ. ಅಳತೆಯ ಬಾವಿ ಒಂದೂ ಇಲ್ಲದ ಹೋಬಳಿಗೆ ಬಣ್ಣ ತುಂಬದೆ ಓರೆಗೆರೆ ಎಳೆದು ಬಿಡಿ. ಸೌಂಡರ್ ಟೇಪ್ ಹಿಡಿದು ಮುಂದಿನ ಬಾರಿ ಮೊದಲು ಹೋಗಬೇಕಾದದ್ದು ಆ ಹೋಬಳಿಗೇ. ಮೇ ಅಳತೆ ಕೈಗೆ ಬಂದ ಕೂಡಲೇ ಊಹೆಯ ಪಕ್ಕದಲ್ಲಿ ನಿಜವನ್ನೂ ಬರೆದು ಅದೇ ಹಾಳೆಯನ್ನು ಮತ್ತೆ ಪಂಚಾಯಿತಿಗೆ ಕೊಡಿ, ಆಮೇಲೆ ಹೊಸ ಸಾಲುಗಳನ್ನು ಸೇರಿಸಿ ಮಾದರಿಗೆ ಮತ್ತೊಮ್ಮೆ ಕಲಿಸಿ.